ಹಕ್ಕಿಗಾಗಿ ಗಾಜು ಗೀಚುವ ಗಾಜಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಚೇರಿ ಕಟ್ಟಡದ ಪೂರ್ವದ ಗೋಡೆಯ ಮೇಲೆ ಹಗ್ಗದಲ್ಲಿ ಜೋತುಬಿದ್ದ ವ್ಯಕ್ತಿಯೊಬ್ಬರು ಬಕೆಟ್ಟಿಗೆ ಬೆರಳದ್ದಿ ಗಾಜಿನ ಮೇಲೆ ಬಿಳಿ ಗೆರೆ ಎಳೆಯುತ್ತಿದ್ದಾರೆ. ಒಂದು ಗೆರೆ, ನಾಲ್ಕು ಬೆರಳು ಜಾಗ ಬಿಟ್ಟು ಇನ್ನೊಂದು. ದಾರಿಹೋಕರು ತಲೆಯೆತ್ತಿ ನೋಡಿ, ಇವರಿಗೇನು ತಲೆ ಕೆಟ್ಟಿದೆಯೇ ಅಂದುಕೊಂಡರೆ ತಪ್ಪಿಲ್ಲ. ಯಾಕೆಂದರೆ ಇವರ ಕೆಲಸ ಗಾಜು ಒರೆಸುವುದು.

ಎಲ್ಲರ ಬಾಯಲ್ಲೂ ಇವರು ಗಾಜಣ್ಣ. ಮೀಸೆ ಚಿಗುರುವ ವಯಸ್ಸಿಗೇ ಹಗ್ಗ ಹಿಡಿದವರು, ಈಗ ಮೀಸೆ ನರೆತಿದೆ. ಗಾಜು ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ಒರೆಸುತ್ತಾರೆಂಬ ಹೆಸರು ಬೇರೆ. ಆ ಹೆಸರಿಗೇ ಒಂದು ಬೆಳಿಗ್ಗೆ ಪೆಟ್ಟು ಬಿತ್ತು.

"ಆಗಷ್ಟೇ ಒರೆಸಿ, ಆಹಾ ಅಂತ ನೋಡ್ತಿದ್ದೆ. ಎದುರಿನ ತೋಟದ ಮರ ಗಾಜಲ್ಲಿ ಎಲೆ ಎಲೆಯಾಗಿ ಕಾಣ್ತಿತ್ತು. ಒಂದು ಪುಟಾಣಿ ಹಕ್ಕಿ ಬಂದು ನನ್ನ ಕಿವಿ ಪಕ್ಕದಲ್ಲೇ ಟಪ್ ಅಂತ ಹೊಡ್ಕೊಳ್ತು. ಮರ ಅಂದ್ಕೊಂಡಿತ್ತು, ಪಾಪ. ಇಳಿದು ಎತ್ಕೊಂಡೆ, ಮೈ ಇನ್ನೂ ಬಿಸಿ ಇತ್ತು. ಅವತ್ತು ಊಟ ಸೇರಲಿಲ್ಲ."

ಗಾಜಣ್ಣ ಅಂಗಳ ಗುಡಿಸುವ ಅಕ್ಕನನ್ನು ಕೇಳಿದರೆ, ವಲಸೆ ಹಕ್ಕಿಗಳು ಬರುವ ಕಾಲದಲ್ಲಿ ದಿನಾ ಐದಾರು ಸತ್ತು ಬಿದ್ದಿರುತ್ತವೆ, ಅದರಲ್ಲೂ ಗಾಜು ಒರೆಸಿದ ಮಾರನೇ ದಿನವೇ ಹೆಚ್ಚು ಎಂದುಬಿಟ್ಟರು.

ಗೆರೆ ಎಳೆಯುವ ಉಪಾಯ ಹೊಳೆದದ್ದು ಆಮೇಲೆ. ಮೊದಲು ಒಳಗಡೆಯಿಂದಲೇ ಎಳೆದರು. ಮಳೆಗೆ ತೊಳೆದುಹೋಗದು, ಹಗ್ಗವೂ ಬೇಡ ಎಂಬ ಲೆಕ್ಕಾಚಾರ. ಹಕ್ಕಿಗಳು ಬೀಳುತ್ತಲೇ ಇದ್ದವು. ಹೊರಗಿನಿಂದ ನೋಡಿದರೆ ಮರ, ಆಕಾಶದ ಬಿಂಬವೇ ಎದ್ದು ಕಾಣುತ್ತಿತ್ತು, ಗೆರೆಯ ಸುಳಿವೇ ಇಲ್ಲ!

"ಇಷ್ಟು ವರ್ಷ ಗಾಜು ಒರೆಸಿದೋನಿಗೆ ಅಷ್ಟೂ ಹೊಳೀಲಿಲ್ಲ ನೋಡಿ. 'ಒಳಗೆ ಕೂತೋರಿಗೆ ಎಚ್ಚರಿಕೆ ಕೊಟ್ರಲ್ಲಾ, ಅವರೇನು ಹಾರ್ಕೊಂಡು ಬಂದು ಗಾಜಿಗೆ ಹೊಡ್ಕೊಳ್ತಾರಾ?' ಅಂತ ನನ್ನವಳು ಬಿದ್ದು ಬಿದ್ದು ನಕ್ಕಳು."

ಹೊಲಿಗೆ ಮಾಡಿ ಮನೆಗೆ ಹೆಗಲು ಕೊಟ್ಟಿರುವ ಆ ಹೆಂಡತಿಯೇ ಈಗ ಸೋಪಿನ ನೀರಿಗೆ ಚಾಕ್ ಪುಡಿ ಕಲಸಿಕೊಡುತ್ತಾರೆ. ಮಳೆ ಬಂದಾಗೆಲ್ಲ ಹೊಸದಾಗಿ ಎಳೆಯಬೇಕು. "ನಿನಗೆ ಸಂಬಳ ಕೊಡೋದು ಒರೆಸೋಕೋ, ಬಳಿಯೋಕೋ?" ಎಂದು ಮ್ಯಾನೇಜರ್ ರೇಗಿದ್ದುಂಟು. ಗಾಜಣ್ಣ ಕಾಡಿ ಬೇಡಿ, ಹಕ್ಕಿ ಬರುವ ತಿಂಗಳುಗಳಲ್ಲಿ, ಮರದ ಬಿಂಬ ಬೀಳುವ ಎರಡು ಮಹಡಿಗೆ ಮಾತ್ರ, ಅದೂ ಕಚೇರಿ ಕೆಲಸ ಶುರುವಾಗುವ ಮುಂಚೆ ಎಳೆದು ಮುಗಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿಸಿದ್ದಾರೆ. ಗೆರೆ ಇರುವ ದಿನ ಗುಡಿಸುವ ಅಕ್ಕನಿಗೆ ಬರೀ ಎಲೆ ಸಿಗುತ್ತವೆ.

ಅಷ್ಟರಲ್ಲಿ ಮೊನ್ನೆ ಮಾಲೀಕರಿಂದ ಅಪ್ಪಣೆ ಬಂತು. ಕಟ್ಟಡದ ಫೋಟೊ ತೆಗೆಸಬೇಕು, ಬೆಳಗಿನ ಬಿಸಿಲಿಗೆ ಗಾಜು ಥಳಥಳ ಹೊಳೆಯಬೇಕು. ಹಕ್ಕಿಗಳ ಗುಂಪು ಬರುವುದೂ ಆ ಹೊತ್ತಿಗೇ. ಗೆರೆ ಉಳಿಸಿದರೆ ಕೆಲಸ ಹೋಗುತ್ತದೆ, ಅಳಿಸಿದರೆ ಹಕ್ಕಿಗಳು ಸಾಯುತ್ತವೆ. ಅನ್ನದ ತಟ್ಟೆ ಮುಂದೆ ಸಪ್ಪೆ ಮೋರೆ ಹಾಕಿ ಕೂತ ಗಂಡನಿಗೆ ಹೆಂಡತಿ ಹೇಳಿದರಂತೆ, "ಅಳಿಸಿ, ಆದ್ರೆ ನೀವೇ ಅಲ್ಲಿ ನೇತಾಡ್ತಿರಿ. ಈ ಮುಖ ಕಂಡ್ರೆ ಹದ್ದೂ ಹತ್ರ ಬರಲ್ಲ."

ನಿನ್ನೆ ಗಾಜಣ್ಣ ಹಾಗೇ ಮಾಡಿದ್ದಾರೆ. ಗೆರೆ ಅಳಿಸಿ, ಹೆಂಡತಿ ಕೊಟ್ಟ ಕೆಂಪು ಬಟ್ಟೆ ಬೀಸುತ್ತ, ಹಗ್ಗದಲ್ಲಿ ಅತ್ತಿಂದಿತ್ತ ತೂಗಿದ್ದಾರೆ. "ಯಜಮಾನ್ರೇ, ಇಳೀರಿ, ಫೋಟೊ ಹಾಳಾಗುತ್ತೆ!" ಎಂದು ಫೋಟೊಗ್ರಾಫರ್ ಕೂಗಿದರೆ, "ಇನ್ನೂ ಒರೆಸೋದಿದೆ!" ಎಂದು ಮೇಲಿನಿಂದ ಉತ್ತರ. ಹಕ್ಕಿಗಳು ಗುಂಪಾಗಿ ಬಂದು, ಬಟ್ಟೆ ಕಂಡು ಬೆದರಿ ಹಿಂದಕ್ಕೆ ತಿರುಗಿದ್ದನ್ನು ಕೆಳಗಿದ್ದವರೆಲ್ಲ ನೋಡಿದರು. ಬೈಯಲು ಬಂದ ಮ್ಯಾನೇಜರ್ ಕೂಡ ಫೋಟೊಗ್ರಾಫರ್ ಕಡೆ ತಿರುಗಿ, "ಇರಲಿ ಬಿಡಿ, ಹಾಗೇ ತೆಗೀರಿ" ಅಂದರು.

ಇವತ್ತು ಮತ್ತೆ ಗೆರೆಗಳು ಬಂದಿವೆ. ಮಳೆಗೂ ಅಳಿಯದ, ಚುಕ್ಕಿ ಇರುವ ಹಾಳೆಯನ್ನು ಗಾಜಿಗೆ ಅಂಟಿಸಿಬಿಟ್ಟರೆ ಚೆನ್ನಾಗಿರುತ್ತದೆ ಎಂಬುದಷ್ಟೇ ಗಾಜಣ್ಣನ ಆಸೆ. ಫೋಟೊದಲ್ಲಿ ನೀವೂ ಬಂದಿದ್ದೀರಂತಲ್ಲ ಎಂದರೆ ಬೆರಳು ತೊಳೆಯುತ್ತ ನಗುತ್ತಾರೆ.

"ಇರುವೆ ಥರ ಕಾಣ್ತೀನಂತೆ, ಯಾರಿಗೂ ಗುರುತು ಹತ್ತಲ್ಲ. ಹೋಗ್ಲಿ ಬಿಡಿ. ಹಕ್ಕಿ ಕಣ್ಣಿಗೆ ಬಿದ್ದೆನಲ್ಲ, ಸಾಕು."