ಅವ್ವನ ಮೆಣಸಿನ ಕಷಾಯ

ಒಂದು ಕುರಿ ಕೆಮ್ಮಿದರೆ ಸಾಕು, ನಮ್ಮವ್ವ ಗಿರಿಯಮ್ಮ ಇಡೀ ಮಂದೆಗೇ ಔಷಧ ಕುಡಿಸುತ್ತಿದ್ದಳು. ಬಿದಿರಿನ ಗೊಟ್ಟವನ್ನು ಒಂದೊಂದರ ಬಾಯಿಗೂ ಇಟ್ಟು ಸುರಿಯುವುದೇ. ಮನೆಯವರಿಗೂ ಅದೇ ನ್ಯಾಯ. ಅಪ್ಪನಿಗೆ ಹಿಡಿಸಿದ ಮಾತ್ರೆ ನನಗೆ, ನನಗೆ ಹಿಡಿಸಿದ್ದು ಪಕ್ಕದ ಮನೆ ದಾಸಮ್ಮನಿಗೆ. ಬೇಡವೆಂದು ಹಟ ಹಿಡಿದರೆ ಮುದ್ದೆಯೊಳಗೆ ಅಡಗಿಸಿ ನುಂಗಿಸುತ್ತಿದ್ದಳು. ಮದಲೂರಿನಲ್ಲಿ ಅವಳ ಕೈಯಿಂದ ತಪ್ಪಿಸಿಕೊಂಡವರು ಯಾರೂ ಇರಲಿಲ್ಲ.

ಎಂಬತ್ತಾರರ ಚಳಿಗಾಲದಲ್ಲಿ ನನ್ನ ತಮ್ಮ ಕ್ಯಾತಣ್ಣ ಬೆಂಗಳೂರಿನ ರಾಷ್ಟ್ರೀಯ ಕೂಟದಲ್ಲಿ ಐದು ಸಾವಿರ ಮೀಟರ್ ಓಡುವುದಕ್ಕೆ ಆಯ್ಕೆಯಾದ. ಕುರಿಗಳ ಹಿಂದೆ ಓಡಿ ಬೆಳೆದ ಕಾಲು. ಹೊರಡುವ ಹೊತ್ತಿಗೆ ಸರಿಯಾಗಿ ಹಾಳು ನೆಗಡಿ ಅಂಟಿಕೊಂಡಿತು. ಶಿರಾದ ಡಾಕ್ಟರಿಗೆ ಅವನು, ತಾನು ಓಟಗಾರ, ಓಟವಾದ ಮೇಲೆ ಮೂತ್ರ ಪರೀಕ್ಷೆ ಇರುತ್ತದೆ ಎಂದು ಮೊದಲೇ ಹೇಳಿದ. ಅವರು ಜ್ವರದ ಮಾತ್ರೆ, ಬಿಸಿನೀರಿನ ಹಬೆ ಇಷ್ಟೇ ಸಾಕೆಂದರು. ನೆಗಡಿ, ಉಬ್ಬಸದ ಕೆಲವು ಮಾತ್ರೆಗಳಲ್ಲಿ ಎಫೆಡ್ರಿನ್ ಇರುತ್ತದೆ, ಓಟಗಾರರಿಗೆ ಅದು ನಿಷೇಧ, ಗೊತ್ತಿಲ್ಲದೆ ನುಂಗಿದೆ ಅಂದರೂ ಬಿಡುವುದಿಲ್ಲ ಎಂದು ಎಚ್ಚರಿಸಿದರು. ತಮ್ಮ ಇದನ್ನೆಲ್ಲ ಮನೆಯಲ್ಲಿ ಹೇಳಿದ. ಅವ್ವ ತಲೆಯಾಡಿಸಿದಳು. ಅವಳು ತಲೆಯಾಡಿಸಿದಳೆಂದರೆ ಕಿವಿಗೆ ಹಾಕಿಕೊಂಡಿಲ್ಲ ಎಂದೇ ಅರ್ಥ.

ಅವನು ಬೆಳಗಿನ ಬಸ್ಸಿಗೆ ಹೋದ ಮೇಲೆ ಅವ್ವ ನಿಧಾನವಾಗಿ ಬಾಯಿಬಿಟ್ಟಳು. ಅಪ್ಪನ ಉಬ್ಬಸದ ಮಾತ್ರೆಯೊಂದನ್ನು ಅರೆದು, ಮೆಣಸಿನ ಕಷಾಯಕ್ಕೆ ಬೆರೆಸಿ ಮಗನ ಕೈಗೆ ಕೊಟ್ಟಿದ್ದಳಂತೆ. ಇನ್ನು ಅವನಿಗೆ ಮೂಗು ಕಟ್ಟುವುದಿಲ್ಲವಂತೆ. ಮರುದಿನ ಸಂಜೆ ಓಟ. ಸಿಕ್ಕಿಬಿದ್ದರೆ ಅವನನ್ನು ಮತ್ತೆ ಓಡಲು ಬಿಡುತ್ತಾರೆಯೇ? ಊರವರು ಮೋಸಗಾರ ಎನ್ನದೆ ಇರುತ್ತಾರೆಯೇ? ಹೆತ್ತ ತಾಯಿ ಎಂದೂ ನೋಡದೆ ಬಾಯಿಗೆ ಬಂದಂತೆ ಬೈದೆ.

ಅವನ ಕೋಚಿಗೆ ಟ್ರಂಕ್ ಕಾಲ್ ಮಾಡಿ, ಓಡಿಸಬೇಡಿ ಅನ್ನಬೇಕು. ಅವರು ಮಾತ್ರೆಯ ಹೆಸರು ಕೇಳೇ ಕೇಳುತ್ತಾರೆ. ಆ ಮಾತ್ರೆಗಳು ಅಪ್ಪನ ಎಲಡಿಕೆ ಸಂಚಿಯಲ್ಲಿ, ಅಪ್ಪ ಕುರಿ ಬಿಟ್ಟುಕೊಂಡು ಕೆರೆ ಏರಿಯ ಕೆಳಗೆ. ಸೀರೆ ಎತ್ತಿಕಟ್ಟಿ ಓಡಿದೆ. ಆವತ್ತು ನನಗೂ ಒಂದು ಮೆಡಲ್ ಕೊಡಬಹುದಿತ್ತು.

ಅಪ್ಪನಿಗೆ ಎಲೆಗೆ ಸುಣ್ಣ ಹಚ್ಚಲಾಗದಷ್ಟು ಕೈ ನಡುಗುತ್ತಿತ್ತು. ನಾನು ಏದುಸಿರು ಬಿಡುತ್ತ ಎಲ್ಲ ಹೇಳಿದೆ.

"ಅವನೆಲ್ಲಿ ಕುಡುದ್ನಮ್ಮ? ನಾನೇ ಕುಡುದ್ಬುಟ್ಟೆ," ಅಂದ ಅಪ್ಪ. "ಒಳಗೇನ್ ಬಿದ್ದೈತೋ ಗೊತ್ತಿಲ್ದೆ ನಾನು ಕುಡಿಯಂಗಿಲ್ಲ ಕಣಪ್ಪ, ಅವ್ವಂಗೆ ಹೇಳ್ಬ್ಯಾಡ, ನೊಂದ್ಕಂತಾಳೆ ಅಂತ ನನ್ ಕೈಗಿಟ್ಟ. ಚೆಲ್ಲಾಕೆ ಮನಸಾಗ್ಲಿಲ್ಲ. ನನ್ ಮಾತ್ರೆ ಬ್ಯಾರೆ ಆಗ್ಲೇ ನುಂಗಿದ್ದೆ. ಅದ್ಯಾಕೋ ಎದೆ ದಬದಬ ಅಂತೈತೆ."

ನಾನು ಅಲ್ಲೇ ಕುಸಿದು ಕೂತು ನಕ್ಕೆ, ನಗುತ್ತಲೇ ಅತ್ತೆ. ಹೋದ ಜೀವ ಬಂದಂತಾಯಿತು. ಆಮೇಲೆ ಅಪ್ಪನ ಗತಿ ನೆನಪಾಗಿ, ಕುರಿಗಳನ್ನು ದಾಸಮ್ಮನಿಗೆ ಒಪ್ಪಿಸಿ, ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಸಂಜೆಗೆ ಸರಿಹೋದ. ತಮ್ಮ ಓಟದಲ್ಲಿ ಎರಡನೆಯವನಾಗಿ ಬಂದ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.

ಅವ್ವನಿಗೆ ನಿಜ ತಿಳಿಸಿದವಳು ನಾನೇ. ಮಗ ತನ್ನ ಕೈಯಿಂದಲೂ ಕುಡಿಯಲಿಲ್ಲವಲ್ಲ ಎಂದು ಅವಳು ನೊಂದುಕೊಂಡಳು. ಅವನು ಊರಿಗೆ ಬಂದಾಗ ಒಲೆಯ ಪಕ್ಕ ಕೂರಿಸಿಕೊಂಡು, ಮೆಣಸು, ಶುಂಠಿ, ಬೆಲ್ಲ ಎಲ್ಲವನ್ನೂ ಅವನ ಕಣ್ಣ ಮುಂದೆ ಹಿಡಿದು ತೋರಿಸಿ ಪಾತ್ರೆಗೆ ಹಾಕಿದಳು.

"ನೋಡ್ಕಂಡು ಕುಡಿ ಕಣ್ಲಾ," ಅಂದಳು.

ಅವನು ಲೋಟ ಖಾಲಿ ಮಾಡಿ, ಇನ್ನೊಂದು ಲೋಟ ಕೇಳಿದ.