ಜ್ವರ ಅದಾ ಎಂದು ಕೇಳುತ್ತಿದ್ದವರು

ಹೋದ ತಿಂಗಳು ನಂಜನಗೂಡಿನ ನಮ್ಮ ಬೀದಿಗೆ ಸೊಳ್ಳೆಗೆ ಹೊಗೆ ಬಿಡುವ ಮಿಷನ್ ಬಂತು. ಹಿಂದಿನ ಕ್ರಾಸಿನಲ್ಲಿ ಯಾರಿಗೋ ಡೆಂಗ್ಯೂ ಅಂತೆ. ಡೀಸೆಲ್ ವಾಸನೆ, ಅದರ ಜೊತೆಗೆ ಔಷಧಿಯ ಘಾಟು. ಕಿಟಕಿ ಮುಚ್ಕೊಳ್ಳಿ ಎಂದು ಕೂಗಿಕೊಂಡು ಹೋದರು, ಮುಚ್ಚಿದೆ. ಮುಚ್ಚಿದ ಮೇಲೂ ವಾಸನೆ ಒಳಗೆ ಬಂತು. ಒಳಗಿನ ಕೋಣೆಗೆ ಹೋಗಿ ಆ ಬಾಗಿಲೂ ಹಾಕಿಕೊಂಡೆ. ಅರವತ್ತರ ಹತ್ತಿರ ಬಂದ ಹೆಂಗಸು ಸೊಳ್ಳೆ ಹೊಗೆಗೆ ಹೆದರುವುದೇ ಎಂದು ಯಾರಾದರೂ ನಗಬಹುದು. ನಗಲಿ, ನಾನು ಹೆದರಿದ್ದು ಹೊಗೆಗಲ್ಲ.

ಮೂವತ್ತು ವರ್ಷದ ಹಿಂದೆ ನಾವು ಸೋಸಲೆ ಹತ್ತಿರದ ಹಳ್ಳಿಯಲ್ಲಿದ್ದೆವು. ಬೀದಿಯ ಮನೆಮನೆಯಲ್ಲೂ ರೇಷ್ಮೆ ಹುಳು. ನಮ್ಮತ್ತೆ ಕಾಲು ತೊಳೆಯದೆ ದೇವರ ಮನೆಗೆ ಬಂದವರನ್ನು ಬೇಕಾದರೆ ಕ್ಷಮಿಸುತ್ತಿದ್ದರು, ಹಾಗೆ ಹುಳು ಮನೆಗೆ ಬಂದವರನ್ನು ಮಾತ್ರ ಬಿಡುತ್ತಿರಲಿಲ್ಲ. ಮಾವ ಹೊಗೆಸೊಪ್ಪು ಹಾಕಿಕೊಂಡ ದಿನ ಅವರಿಗೆ ಜಗುಲಿಯಲ್ಲೇ ಊಟ. ಅಷ್ಟು ನಾಜೂಕಿನ ಹುಳು ಅದು. ಇನ್ನು ಗೋಡೆಗೆ ಡಿಡಿಟಿ ಹೊಡೆದರೆ ಕೇಳಬೇಕೇ? ಮೇಲಿನ ಬೀದಿಯ ಒಂದು ಮನೆಯಲ್ಲಿ ಹಾಗೆ ಹೊಡೆದ ಮಾರನೆಯ ದಿನ ತಟ್ಟೆ ತಟ್ಟೆ ಹುಳು ಹಸಿರು ನೀರು ಕಕ್ಕಿ ಸತ್ತಿದ್ದನ್ನು ನಾವೆಲ್ಲ ಹೋಗಿ ನೋಡಿ ಬಂದಿದ್ದೆವು.

ಆದರೆ ನಾಲೆಗೆ ನೀರು ಬಿಟ್ಟರೆ ನಮ್ಮೂರಿಗೆ ಸೊಳ್ಳೆ, ಸೊಳ್ಳೆಯ ಹಿಂದೆಯೇ ಚಳಿಜ್ವರ. ಅದಕ್ಕೇ ಸರ್ಕಾರದ ಮಲೇರಿಯಾ ಕೆಲಸದವರೊಬ್ಬರು ಹದಿನೈದು ದಿನಕ್ಕೊಮ್ಮೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಖಾಕಿ ಅಂಗಿ, ಹೆಗಲಿಗೆ ಒಂದು ಚೀಲ. ಚೀಲದಲ್ಲಿ ರಕ್ತ ಹಚ್ಚುವ ಗಾಜಿನ ಸ್ಲೈಡು, ಸೂಜಿ, ಹತ್ತಿ, ಕಹಿ ಮಾತ್ರೆ. ಊರು ತಾಂಡವಪುರ ಎನ್ನುತ್ತಿದ್ದರು. ಬೀದಿಯ ಹೆಂಗಸರಿಗೆಲ್ಲ ಅವರು ಮಲೇರಿಯಾದಣ್ಣ. ಅವರು ಕೇಳುತ್ತಿದ್ದುದು ಒಂದೇ ಮಾತು. “ಮನೇಲಿ ಯಾರ್ಗಾದ್ರೂ ಜ್ವರ ಅದಾ ತಾಯಿ?” ನಾವು ಹೇಳುತ್ತಿದ್ದುದೂ ಒಂದೇ ಮಾತು, ಇಲ್ಲಣ್ಣ. ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಸಹಿ ಹಾಕಿ ಮುಂದಿನ ಮನೆಗೆ ಹೋಗುತ್ತಿದ್ದರು.

ಇಲ್ಲ ಎನ್ನಲು ಕಾರಣವಿತ್ತು. ಒಬ್ಬರ ರಕ್ತದಲ್ಲಿ ಮಲೇರಿಯಾ ಸಿಕ್ಕಿದರೆ ಸಾಕು, ಇಡೀ ಬೀದಿಯ ರಕ್ತ ತೆಗೆಯುತ್ತಿದ್ದರು, ಆಮೇಲೆ ಪಂಪು ಹೊತ್ತವರು ಬಂದು ಒಂದು ಮನೆಯನ್ನೂ ಬಿಡದೆ ಔಷಧಿ ಹೊಡೆಯುತ್ತಿದ್ದರು. ನಿಮ್ಮಿಂದ ನಮ್ಮ ಹುಳು ಹೋಯಿತು ಎಂದು ಬೀದಿಗೆ ಬೀದಿಯೇ ಆ ಮನೆಯ ಮುಖಕ್ಕೆ ಉಗಿಯುತ್ತಿತ್ತು. ಹಾಗಾಗಿ ನಮ್ಮಲ್ಲಿ ಜ್ವರ ಬಂದವರು ಕಳ್ಳರಂತೆ ಒಳಗೆ ಮಲಗುತ್ತಿದ್ದರು. ಈಗ ಹೇಳಿದರೆ ನನ್ನ ಮಗನೇ ನಂಬುವುದಿಲ್ಲ.

ಅವನಿಗೆ ಆಗ ನಾಲ್ಕು ವರ್ಷ. ಹುಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ನಾಲ್ಕನೆಯದೇ ಕೊನೆಯದು. ಅಲ್ಲಿಂದ ಎಂಟೊಂಬತ್ತು ದಿನ ಹೊತ್ತು ಹೊತ್ತಿಗೆ ಸೊಪ್ಪು ಹಾಕಿದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಅಂಥ ದಿನಗಳಲ್ಲೇ ಮಗ ನಡುಗತೊಡಗಿದ. ಮಧ್ಯಾಹ್ನದ ಹೊತ್ತಿಗೆ ಚಳಿ, ಆಮೇಲೆ ಮೈ ಕಾದ ಹೆಂಚು, ಸಂಜೆಗೆ ಬೆವರು. ಮೂರು ದಿನ ಹೀಗೇ ಆಯಿತು. ದೃಷ್ಟಿ ಎಂದು ಅತ್ತೆ ನಿವಾಳಿಸಿ ಹಾಕಿದರು. ಅದು ದೃಷ್ಟಿಯಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ದಿನ ಮನೆಯವರೆಲ್ಲ ಸೊಪ್ಪಿಗೆ ಹೋಗಿದ್ದರು. ಮಗನನ್ನು ಹುಳು ಮನೆಯಲ್ಲೇ, ತಟ್ಟೆಗಳ ಸ್ಟ್ಯಾಂಡಿನ ಪಕ್ಕ ಮಲಗಿಸಿಕೊಂಡು ಸೊಪ್ಪು ಹಾಕುತ್ತಿದ್ದೆ. ಸೈಕಲ್ ಬೆಲ್ಲು ಕೇಳಿಸಿತು. ಮಗನ ಮೇಲೆ ಗೋಣಿಚೀಲ ಎಳೆದೆ... ಹೌದು, ಮುಖವೂ ಮುಚ್ಚುವಂತೆ. ಆಮೇಲೆ ಬಾಗಿಲಿಗೆ ಬಂದು ಅಡ್ಡ ನಿಂತೆ.

“ಜ್ವರ ಅದಾ ತಾಯಿ?”

“ಇಲ್ಲಣ್ಣ.”

ಅವರು ಗೋಡೆಯ ಮೇಲೆ ತಾರೀಖು ಬರೆದರು. ಸಹಿ ಹಾಕುವಷ್ಟರಲ್ಲಿ ಒಳಗಿನಿಂದ “ಅವ್ವಾ, ಚಳಿ” ಎಂದು ಕೇಳಿತು. ಹುಳು ಸೊಪ್ಪು ಮೇಯುವ ಸರಸರ ಸದ್ದಿಗೂ ಮೀರಿ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಅವರು ತಿರುಗಿ ನನ್ನ ಮುಖ ನೋಡಿದರು. ಬೈಯುತ್ತಾರೆ, ಕೂಗಿ ಬೀದಿ ಸೇರಿಸುತ್ತಾರೆ ಎಂದುಕೊಂಡೆ. ಅವರು ಸೈಕಲ್ಲು ಗೋಡೆಗೆ ಒರಗಿಸಿ, ಖಾಕಿ ಅಂಗಿ ಬಿಚ್ಚಿ ಹ್ಯಾಂಡಲ್ಲಿಗೆ ಹಾಕಿದರು. “ನೆನ್ನೆ ಔಸ್ದಿ ಒಡ್ಯೋರ ಜೊತೆ ಇದ್ದೆ. ಬಟ್ಟೇಲಿ ಅಂಟಿರ್ತದೆ, ಉಳೂಗೆ ಆಗಲ್ಲ” ಎಂದರು. ಅಂಗಳದ ತೊಟ್ಟಿಯ ನೀರಿನಲ್ಲಿ ಸೋಪು ಹಾಕಿ ಕೈಕಾಲು ಮುಖ ತೊಳೆದುಕೊಂಡು ಬನೀನಿನಲ್ಲೇ ಒಳಗೆ ಬಂದರು. ನಮ್ಮ ಮನೆಯ ಗಂಡಸರೂ ಅಷ್ಟು ಜೋಪಾನವಾಗಿ ಹುಳು ಮನೆಗೆ ಕಾಲಿಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಗೋಣಿ ತೆಗೆದು ಮಗನ ಹಣೆ ಮುಟ್ಟಿದರು. ಬೆರಳಿಗೆ ಸೂಜಿ ಚುಚ್ಚಿ ಸ್ಲೈಡಿಗೆ ರಕ್ತ ಹಚ್ಚಿದರು. ಬಾಳೆಹಣ್ಣಿನಲ್ಲಿ ಅದುಮಿ ಮಾತ್ರೆ ನುಂಗಿಸಿದರು. ಹೊರಗೆ ಬಂದು ಸ್ಲೈಡನ್ನು ಕಾಗದದಲ್ಲಿ ಸುತ್ತುತ್ತಿದ್ದಾಗ ನಾನು ಅವರ ಕಾಲು ಹಿಡಿದುಕೊಂಡೆ.

“ಆರೇ ದಿನ ತಡೀರಿ ಅಣ್ಣಾ. ಹುಳ ಚಂದ್ರಿಕೆಗೆ ಬಿಟ್ಬುಟ್ರೆ ಆಮೇಲೆ ಮನೆಯೆಲ್ಲ ಹೊಡ್ಕೊಳ್ಳಿ. ಈಗ ಬಂದ್ರೆ ಬೀದಿಯೋರು ನಮ್ಮನ್ನ ಬಾಳ್ಸಲ್ಲ.”

ಚಂದ್ರಿಕೆ ಎಂದರೆ ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ತಟ್ಟಿ. ಅದು ಅವರಿಗೆ ಗೊತ್ತಿತ್ತು, ಆರು ದಿನದಲ್ಲಿ ಜ್ವರ ಎಷ್ಟು ಮನೆಗೆ ಹಬ್ಬಬಹುದು ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು. ಜಗುಲಿಯ ಮೇಲೆ ಕೂತರು. “ತಪ್ಪಾಯ್ತದೆ ತಾಯಿ” ಎಂದರು. ನಾನು ಕಾಲು ಬಿಡಲಿಲ್ಲ. ಕೊನೆಗೆ ಸ್ಲೈಡನ್ನು ಚೀಲದಲ್ಲಿಡದೆ ಅಂಗಿಯ ಜೇಬಿಗೆ ಹಾಕಿಕೊಂಡು, ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ ಎಂದು ಹೇಳಿ, ಸೈಕಲ್ಲು ತಳ್ಳಿಕೊಂಡು ಪಕ್ಕದ ಮನೆಯತ್ತ ಹೋದರು.

ಹದಿನೈದು ದಿನಕ್ಕೊಮ್ಮೆ ಬರುವವರು ಮಾರನೆಯ ದಿನದಿಂದ ದಿನಾ ಬಂದರು. ತಮ್ಮ ಮನೆಯ ಸೊಳ್ಳೆಪರದೆ ತಂದು ಮಗನಿಗೆ ಕೊಟ್ಟರು. ಬಕೆಟ್ಟಿನಲ್ಲಿ ಸಣ್ಣ ಮೀನು ತಂದು ಬಾವಿಗೆ, ದನದ ತೊಟ್ಟಿಗೆ ಬಿಟ್ಟರು. ಅವು ಸೊಳ್ಳೆಮರಿ ತಿನ್ನುತ್ತವೆ ಎಂದರೆ ಹೆಂಗಸರು, ಸಾರಿಗೂ ಆಗದ ಮೀನು ತಂದವ್ರೆ ಎಂದು ನಕ್ಕರು. ಅವರು ಮನೆಮನೆಯ ಹಿತ್ತಲಿಗೆ ಹೋಗಿ ನಿಂತ ನೀರು ಚೆಲ್ಲುತ್ತಿದ್ದರು. ಮಲೇರಿಯಾದಣ್ಣನಿಗೆ ಇದೇನು ಹೊಸ ಉಮೇದು ಎಂದು ಬೀದಿಯವರಿಗೆ ತಮಾಷೆ. ನನಗೊಬ್ಬಳಿಗೆ ಗೊತ್ತಿತ್ತು. ಮಗನ ಜ್ವರ ಇಳಿಯುತ್ತಿತ್ತು, ನನ್ನ ಭಯ ಏರುತ್ತಿತ್ತು. ಯಾವ ಮನೆಯಲ್ಲಿ ಯಾರು ಕೆಮ್ಮಿದರೂ, ನರಳಿದರೂ ಕಿವಿ ಅಲ್ಲಿಗೇ ಹೋಗುತ್ತಿತ್ತು.

ಐದನೆಯ ದಿನ ಪಕ್ಕದ ಮನೆಯ ಸೊಸೆ ಅಂಗಳದಲ್ಲಿ ಬಿದ್ದಳು. ಏಳು ತಿಂಗಳ ಬಸುರಿ. ಅವರಿಗೂ ನಮಗೂ ನಡುವೆ ಇದ್ದುದು ಒಂದೇ ಗೋಡೆ, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಮೈ ಕೆಂಡ, ಕಣ್ಣು ಮೇಲೆ. ಟೆಂಪೋದಲ್ಲಿ ನರಸೀಪುರದ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ಒಯ್ದರು. ಮಲೇರಿಯಾ ಎಂದರಂತೆ. ಅವಳು ಉಳಿದಳು. ಮಗು ಉಳಿಯಲಿಲ್ಲ.

ಮಾರನೆಯ ದಿನ ಪಂಪು ಹೊತ್ತವರು ಬಂದರು. ನಮ್ಮ ಹುಳು ಆಗಲೇ ಚಂದ್ರಿಕೆ ಏರಿ ಗೂಡು ಕಟ್ಟುತ್ತಿದ್ದವು. ಅವರ ಹಿಂದೆಯೇ ಜೀಪಿನಲ್ಲಿ ಮೇಲಿನ ಅಧಿಕಾರಿ ಬಂದರು. ಹಿಂದಿನ ದಿನ ಅಣ್ಣ ತಾವೇ ಒಪ್ಪಿಸಿದ್ದ ನನ್ನ ಮಗನ ಸ್ಲೈಡು ಅವರ ಕೈಯಲ್ಲಿತ್ತು. ಬೀದಿಯ ನಡುವೆಯೇ, ರಕ್ತ ತೆಗೆದು ಇಷ್ಟು ದಿನ ಯಾಕೆ ಕಳಿಸಲಿಲ್ಲ, ಅವತ್ತೇ ಕಳಿಸಿದ್ದರೆ ಎಲ್ಲರ ರಕ್ತ ನೋಡುತ್ತಿದ್ದೆವು, ಆ ಹೆಣ್ಣುಮಗಳಿಗೆ ಆಗಲೇ ಮಾತ್ರೆ ಸಿಗುತ್ತಿತ್ತು ಎಂದು ಮಲೇರಿಯಾದಣ್ಣನನ್ನು ಕೇಳಿದರು. ನಾನು ಬಾಗಿಲ ಸಂದಿಯಲ್ಲಿ ಮಗನನ್ನು ಅವುಚಿಕೊಂಡು ನಿಂತಿದ್ದೆ. ಈಗ ನನ್ನ ಹೆಸರು ಬರುತ್ತದೆ, ಈಗ ಬರುತ್ತದೆ...

“ಮರ್ತ್‌ಬಿಟ್ಟೆ ಸಾ” ಎಂದರು ಅವರು.

ನಮ್ಮ ಮನೆಯ ಕಡೆ ಒಮ್ಮೆಯೂ ನೋಡಲಿಲ್ಲ. ಪಕ್ಕದ ಮನೆಯ ಅತ್ತೆ ಬೊಗಸೆ ತುಂಬ ಮಣ್ಣು ತಂದು ಅವರ ಮೇಲೆ ತೂರಿದರು. “ನಮ್ಮನೆ ಕುಡೀನ ತಿಂದ್ಯಲ್ಲೋ, ನಿನ್ ಮನೆ ಆಳಾಗ” ಎಂದು ಶಾಪ ಹಾಕಿದರು. ಅವರು ಮಣ್ಣನ್ನೂ ಕೊಡವಿಕೊಳ್ಳದೆ ನಿಂತಿದ್ದರು. ಬೀದಿಯವರು ನನ್ನನ್ನು ಕಂಡು ಅಯ್ಯೋ ಪಾಪ ಎಂದರು. ಇವಳು ಸರಿಯಾಗಿ ಮಗನ ರಕ್ತ ಕೊಡಿಸಿದ್ದಳು, ಅವನು ಮರೆತ ಎಂದರು. ನಾನು ಬಾಯಿ ಬಿಡಲಿಲ್ಲ, ಆ ದಿನವೂ ಇಲ್ಲ, ಆಮೇಲೂ ಇಲ್ಲ. ಅವರನ್ನು ಕೆಲಸದಿಂದ ಕೆಲವು ತಿಂಗಳು ನಿಲ್ಲಿಸಿ, ಆಮೇಲೆ ಎಲ್ಲಿಗೋ ಹಾಕಿದರು ಎಂದು ಕೇಳಿದೆ.

ಆಮೇಲೆ ಅವರನ್ನು ಕಂಡಿದ್ದು ಒಂದೇ ಸಲ, ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ. ತಲೆ ನರೆತಿತ್ತು, ಕೈಯಲ್ಲಿ ತರಕಾರಿ ಚೀಲ. ನಾನು ಸೆರಗು ತಲೆಗೆ ಎಳೆದುಕೊಂಡು, ಎದುರಿಗೆ ನಿಂತಿದ್ದ ಬಸ್ಸು ಹತ್ತಿಬಿಟ್ಟೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗಿದ್ದು ಕಂಡಕ್ಟರ್ ಟಿಕೆಟ್ ಕೇಳಿದಾಗ. ಅವತ್ತು ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಹೊಗೆ ಬಿಟ್ಟ ಮಾರನೆಯ ದಿನ ಆಶಾ ಕಾರ್ಯಕರ್ತೆ ಹುಡುಗಿ ನಮ್ಮ ನೀರಿನ ಡ್ರಮ್ಮುಗಳಲ್ಲಿ ಸೊಳ್ಳೆಮರಿ ಇದೆಯೇ ಎಂದು ನೋಡಲು ಬಂದಳು. ತವರು ತಾಂಡವಪುರ ಎಂದಳು. ಅಲ್ಲಿ ಹಿಂದೆ ಮಲೇರಿಯಾ ಕೆಲಸದಲ್ಲಿದ್ದವರೊಬ್ಬರು ಎಂದು ನಾನು ಶುರು ಮಾಡುವ ಮೊದಲೇ, “ಅವ್ರಾ ಆಂಟಿ? ತೀರ್ಕೊಂಡು ಎರಡು ತಿಂಗ್ಳಾಯ್ತಲ್ಲ” ಎಂದಳು.

ಆ ವಾರವೇ ಹಳ್ಳಿಗೆ ಹೋದೆ. ಪಕ್ಕದ ಮನೆಯವಳು ಈಗ ಮೊಮ್ಮಕ್ಕಳನ್ನು ಕಂಡವಳು. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಲೇರಿಯಾದಣ್ಣ ಹೋದರಂತೆ ಎಂದೆ. ಅವಳ ಕೈ ನಿಂತಿತು. ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳಲ್ಲ ಎನ್ನಿಸಿ, ಗೋಣಿಚೀಲ, ಸ್ಲೈಡು, ಆರು ದಿನ, ಎಲ್ಲವನ್ನೂ ಹೇಳಿದೆ. ನಿನ್ನ ಮಗು ಹೋಗಿದ್ದು ನನ್ನಿಂದ ಎಂದೆ. ಹೇಳುವಾಗ ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

ಅವಳು ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿದಳು. ಆಮೇಲೆ ಎಂದಳು:

“ನಿಮ್ಮನೆ ಆದ್ಮೇಲೆ ನಮ್ಮನೆಗೇ ಬಂದ್ರು ಕಣಕ್ಕ. ಜ್ವರ ಅದಾ ಅಂದ್ರು. ನಂಗೆ ಆಗ್ಲೇ ಎರಡು ದಿನದ ಜ್ವರ. ಇಲ್ಲ ಅಂದೆ. ನಮ್ಮನೇಲೂ ಉಳ ಇತ್ತಲ್ಲ... ಆಸ್ಪತ್ರೆಯಿಂದ ಬಂದ್ಮೇಲೆ, ನಮ್ಮತ್ತೆ ಮಣ್ಣು ತೂರುದ್ರು ಅಂತ ಗೊತ್ತಾಯ್ತು. ಆಗ್ಲಾದ್ರೂ ನಿಜ ಏಳ್ಬೋದಿತ್ತು.”

ಮೂವತ್ತು ವರ್ಷ ನಾನು ಅವಳಿಗೆ ಹೆದರಿದ್ದೆ, ಅವಳು ಬೀದಿಗೆ ಹೆದರಿದ್ದಳು. ನಮ್ಮಿಬ್ಬರ ಪಾಲಿನ ಮಣ್ಣನ್ನು ಹೊತ್ತವರು ಹೋಗಿಯಾಗಿತ್ತು.

ಮಾರನೆಯ ದಿನ ಬೆಳಗ್ಗೆ ಇಬ್ಬರೂ ತಾಂಡವಪುರಕ್ಕೆ ಹೋದೆವು. ಮನೆ ಕೇಳಿಕೊಂಡು ಹೋಗಿ ಬಾಗಿಲಲ್ಲಿ ನಿಂತೆವು. ಅವರ ಹೆಂಡತಿ ಹೊರಗೆ ಬಂದು, ಕಣ್ಣು ಕಿರಿದು ಮಾಡಿ ನಮ್ಮನ್ನು ನೋಡಿ, “ಯಾರ್ ಬೇಕಾಗಿತ್ತವ್ವ?” ಎಂದರು.

ನಾನು ಚಪ್ಪಲಿ ಬಿಟ್ಟು ಜಗುಲಿ ಹತ್ತಿದೆ, ಪಕ್ಕದ ಮನೆಯವಳೂ ನನ್ನ ಹಿಂದೆಯೇ ಹತ್ತಿದಳು.