ಎಕ್ವಾರು ರಾಗಿ ಹೊಲದ ಕಳೆ ಕಿತ್ತದ್ದು

ತೆಸೊ ಸೀಮೆಯಲ್ಲಿ ಎತ್ತು ಪಳಗಿಸುವವರಿಗೆ ಬರವಿರಲಿಲ್ಲ. ಎಕ್ವಾರು ಮಾತ್ರ ಕೋಲು ಹಿಡಿಯದೆ ಪಳಗಿಸುತ್ತಿದ್ದ. ನೊಗ ಕಂಡರೆ ಕೊಂಬು ಬೀಸುವ ಹೋರಿಯನ್ನು ಅವನ ಬಳಿ ಬಿಟ್ಟರೆ ಒಂದು ಮಳೆಗಾಲದೊಳಗೆ ಅದು ಅವನ ದನಿ ಕೇಳಿಯೇ ಸಾಲು ತಿರುಗುತ್ತಿತ್ತು. ನಮ್ಮ ಅಂಗಳಕ್ಕೂ ಅವನ ಅಂಗಳಕ್ಕೂ ನಡುವೆ ಇದ್ದದ್ದು ಒಂದು ಹುಣಸೆಮರ. ಮಳೆ ಬಿದ್ದ ಮರುದಿನ ನಮಗೆ ಎಚ್ಚರವಾಗುತ್ತಿದ್ದುದೇ ಅವನು ಎತ್ತುಗಳನ್ನು ಮಾತಾಡಿಸುವ ಸದ್ದಿಗೆ.

ಉಳುವುದು ಗಂಡಸಿನ ಕೆಲಸ, ಕಳೆ ಕೀಳುವುದು ಹೆಂಗಸಿನದು. ಅವನ ಹೆಂಡತಿ ಅಸೆಕೆನ್ಯೆ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಕೆಂಪು ರಾಗಿಯನ್ನೇ ಪ್ರತಿ ವರ್ಷ ಬಿತ್ತುತ್ತಿದ್ದಳು. ಆ ರಾಗಿಯಿಂದ ಅವಳು ಹುಳಿ ಬರಿಸಿದ ಬೀರಿನ ಗಡಿಗೆಯ ಸುತ್ತ ಕೂತು ಉದ್ದನೆಯ ಕೊಳವೆಗಳಲ್ಲಿ ಹೀರಲು ಆಚೆ ಊರಿನ ಮುದುಕರೂ ಬರುತ್ತಿದ್ದರು.

ದನಗಳ್ಳರ ಕಾಟದ ಆ ಕೆಟ್ಟ ಕಾಲದಲ್ಲಿ ಒಂದು ಮಧ್ಯಾಹ್ನ ಪೂರ್ವದ ಕಡೆಯಿಂದ ಬಂದೂಕು ಹಿಡಿದವರು ಬಂದು ಊರಿನ ದನವನ್ನೆಲ್ಲ ಹೊಡೆದುಕೊಂಡು ಹೋದರು. ಎಕ್ವಾರುವಿನ ಅಣ್ಣ ಒಕಿರೋರ್ ಹಸುವಿನ ಹಗ್ಗ ಬಿಡಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲೇ ಅವನಿಗೆ ಗುಂಡು ಹೊಡೆದರು. ಎಕ್ವಾರು ಮರಗೆಣಸಿನ ಹೊಲದಲ್ಲಿ ಬೋರಲು ಮಲಗಿ ಅಡಗಿದ್ದ. ತನ್ನ ಎರಡೂ ಎತ್ತುಗಳು ಕೂಗುತ್ತ ದೂರವಾಗುವುದು ಅವನಿಗೆ ಕೇಳುತ್ತಿತ್ತು. ಅವನು ಕರೆದಿದ್ದರೆ ಅವು ನಿಲ್ಲುತ್ತಿದ್ದವು. ಕರೆಯಲಿಲ್ಲ.

ಮುಂದಿನ ಮಳೆಗೆ ಊರಿನಲ್ಲಿ ಒಂದು ಎತ್ತೂ ಇರಲಿಲ್ಲ. ಜನ ಅಜ್ಜಂದಿರ ಕಾಲದ ಗುದ್ದಲಿ ಹಿಡಿದರು. ಗುದ್ದಲಿಯಲ್ಲಿ ಅಗೆದ ನೆಲ ಎಷ್ಟು ಬಾಯಿಗೆ ಸಾಲುತ್ತದೆ? ಎಕ್ವಾರುವಿನ ಮನೆಯಲ್ಲಿ ಸತ್ತ ಅಣ್ಣನ ಮಗ ಒಲುಕನೂ ಇದ್ದ, ಸ್ವಂತ ಮಗಳು ಅಮುಗೆಯೂ ಇದ್ದಳು. ಕಣಜದ ತಳ ಕಾಣುತ್ತಿತ್ತು. ಒಂದು ಬೆಳಿಗ್ಗೆ ಎಕ್ವಾರು ನೇಗಿಲು ಹೊರಗೆ ತೆಗೆದು, ನೊಗವನ್ನು ತನ್ನ ಹೆಗಲಿಗೇ ಏರಿಸಿಕೊಂಡ. ನಮ್ಮವ್ವ ಹಿಂದಿನಿಂದ ನೇಗಿಲಿನ ಮೇಣಿ ಹಿಡಿದಳು.

ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು, ಸಂತೆಯಲ್ಲಿ ಎತ್ತಿನ ವಯಸ್ಸು ನೋಡುವವನ ಹಾಗೆ ನಕ್ಕ. "ಏನೋ ಎಕ್ವಾರು, ಎಲ್ಲಿ, ಬಾಯಿ ತೆಗಿ ನೋಡೋಣ. ಎಷ್ಟು ಹಲ್ಲು ಹಾಕಿದೀಯ?"

"ಬಾ, ಆ ಕಡೆ ಖಾಲಿ ಇದೆ. ನೀನೂ ಹೂಡ್ಕೊ" ಎಂದ ಎಕ್ವಾರು. ದಾರಿಹೋಕ ನಗು ನಿಲ್ಲಿಸಿ ನಡೆದುಬಿಟ್ಟ.

ಒಬ್ಬನಿಂದ ನೇಗಿಲು ಗೇಣಷ್ಟೂ ಸರಿಯಲಿಲ್ಲ. ಅಸೆಕೆನ್ಯೆ ಬಂದು ನೊಗದ ಖಾಲಿ ತುದಿಗೆ ಹೆಗಲು ಕೊಟ್ಟಳು. ಅವಳು ತುಂಬು ಬಸುರಿ ಅಲ್ಲದಿದ್ದರೂ ಹೊಟ್ಟೆ ಕಾಣುತ್ತಿತ್ತು.

"ಬೇಡ, ಅತ್ಲಾಗೆ ಹೋಗು" ಎಂದ.

"ಹೋಗಿ ಏನ್ ತಿನ್ಲಿ? ನಡಿ ಅಮುಗೆ ಅಪ್ಪ, ಮಳೆ ನಿಂತ್ರೆ ಇದೂ ಇಲ್ಲ."

ಅವನು ಎರಡನೇ ಸಲ ಬೇಡ ಎನ್ನಲಿಲ್ಲ. ಇಬ್ಬರೂ ಎಳೆದರು. ಹೊಲದ ಒಂದು ಮೂಲೆಯಲ್ಲಿ ರಾಗಿಗೆ ಸಾಕಾಗುವಷ್ಟು ನೆಲ ಉತ್ತಾಯಿತು. ಕೊನೆಯ ಸಾಲಿನಲ್ಲಿ ಅವಳು ಮಂಡಿಯೂರಿದಳು. ಸಂಜೆಯೊಳಗೆ ಮಗು ಹೋಯಿತು. ಗಂಡುಮಗು. ನಮ್ಮವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಯ ಹಿಂದೆ ಹೂತಳು. ಆಮೇಲೆ ಅಸೆಕೆನ್ಯೆಗೆ ಮಕ್ಕಳಾಗಲಿಲ್ಲ. ಆ ವರ್ಷ ರಾಗಿ ಚೆನ್ನಾಗಿ ಬಂತು, ಎಲ್ಲರೂ ಉಂಡರು. ಗಂಡಹೆಂಡಿರು ಆ ಬಗ್ಗೆ ಮಾತಾಡಿದ್ದನ್ನು ಯಾರೂ ಕೇಳಲಿಲ್ಲ.

ಅಮುಗೆ ಮದುವೆಯಾಗಿ ಹೋದಳು. ಒಲುಕ ಬೆಳೆದು, ಪೇಟೆಯಲ್ಲಿ ಟ್ರ್ಯಾಕ್ಟರ್ ಓಡಿಸಲು ಕಲಿತು, ಮೆಕ್ಕೆಜೋಳ ಬೆಳೆಸುವ ಕೂಟವೊಂದರ ಟ್ರ್ಯಾಕ್ಟರ್ ಏರಿ ಊರಿಗೆ ಬಂದ. ಗೆದ್ದಲ ಹುತ್ತಗಳನ್ನು ನೆಲಸಮ ಮಾಡಿ, ಚಿಕ್ಕಪ್ಪನ ಹೊಲವನ್ನು ಬಿಸಿಲೇರುವುದರೊಳಗೆ ಉತ್ತು ಮುಗಿಸಿದ. ಎಕ್ವಾರು ಬದುವಿನ ಮೇಲೆ ಕೂತಿದ್ದ. ಬಗ್ಗಿ ಹೆಂಟೆಯೊಂದನ್ನು ಎತ್ತಿ ಕೈಯಲ್ಲಿ ಪುಡಿ ಮಾಡಿದ. ಅವನ ಕಣ್ಣಲ್ಲಿ ನೀರು ಬಂತು.

"ಇದು ಆವತ್ತು ಇದ್ದಿದ್ರೆ" ಎಂದಷ್ಟೇ ಹೇಳಿದ.

ಮೆಕ್ಕೆಜೋಳ ಆಳೆತ್ತರ ಬೆಳೆಯಿತು. ಮನೆಗೆ ತಗಡಿನ ಮಾಡು ಬಂತು. ಆದರೆ ಅಸೆಕೆನ್ಯೆ ಹೊಲದ ಆ ಮೂಲೆ ಬಿಟ್ಟುಕೊಡಲಿಲ್ಲ. ಅಲ್ಲಿ ಗುದ್ದಲಿಯಲ್ಲಿ ಅಗೆದು ರಾಗಿ ಹಾಕುತ್ತಿದ್ದಳು.

"ಚಿಕ್ಕವ್ವ, ಇಷ್ಟು ರಾಗಿಗೆ ಬೆನ್ನು ಮುರ್ಕೋತೀಯಲ್ಲ, ನಿಂಗೇನು ಹುಚ್ಚಾ?" ಎಂದ ಒಲುಕ.

"ಹೌದಪ್ಪ, ಹುಚ್ಚೇ. ನಿನ್ನ ಗಾಡಿ ಆ ಗೆರೆ ದಾಟದ ಹಂಗೆ ನೋಡ್ಕೊ."

ಎಕ್ವಾರು ಒಲುಕನ ಪರ ಮಾತೆತ್ತಿದ. "ಕೊಟ್ಬಿಡೇ. ಆ ಮೂಲೆಯಿಂದ ಏನಾಗ್ಬೇಕು ಈಗ?"

ಆಗ ಅವಳು ಅಂಗಳದಲ್ಲಿ ನಿಂತು, ನಮಗೂ ಕೇಳುವಂತೆ ಕೂಗಿದಳು. "ಆ ಮೂಲೆ ಉಳೋಕೆ ನಾನು ಎತ್ತಾದೆ. ನೆಲದ ಜೊತೆ ನನ್ನ ಮಗನ್ನೂ ಅಲ್ಲಿ ಉತ್ತಿದೀನಿ. ಗೊತ್ತಿಲ್ವಾ ನಿಂಗೆ?"

ಎಕ್ವಾರು ಮತ್ತೆ ಆ ಮಾತು ತೆಗೆಯಲಿಲ್ಲ.

ಗೆರೆಯನ್ನು ಟ್ರ್ಯಾಕ್ಟರ್ ದಾಟಲಿಲ್ಲ, ಔಷಧಿ ದಾಟಿತು. ಮೆಕ್ಕೆಜೋಳಕ್ಕೆ ಜಾಗ ಮಾಡಲು ಒಲುಕ ಹುಲ್ಲಿಗೆ ಕಳೆನಾಶಕ ಹೊಡೆಯುತ್ತಿದ್ದ. ಗಾಳಿ ಇತ್ತು, ಬೇಗ ಮುಗಿಸಬೇಕೆಂಬ ಆತುರವೂ ಇತ್ತು. ವಾರ ಕಳೆಯುವಷ್ಟರಲ್ಲಿ ರಾಗಿ ಪೈರು ಹಳದಿಯಾಯಿತು, ಆಮೇಲೆ ಒಣಗಿ ಹುಲ್ಲಿನ ಜೊತೆ ಮಲಗಿತು. ಹಿಂದಿನ ಸಲ ಬೆಳೆ ಕಡಿಮೆಯಾಗಿದ್ದರಿಂದ ಅಸೆಕೆನ್ಯೆ ಇದ್ದ ಬೀಜವನ್ನೆಲ್ಲ ಬಿತ್ತಿದ್ದಳು. ಒಲುಕ ಅವಳ ಕಾಲು ಹಿಡಿದು ಅತ್ತ. ಅವಳು ಬೈಯಲಿಲ್ಲ. "ಏಳು, ಊಟ ಮಾಡು" ಎಂದಳು. ಅಂದಿನಿಂದ ಅವಳು ಹೊಲಕ್ಕೆ ಹೋಗುವುದನ್ನೇ ಬಿಟ್ಟಳು.

ಎಕ್ವಾರು ಬೀಜ ಹುಡುಕಿಕೊಂಡು ಅವಳ ತವರಿಗೆ ಹೋದ. ಅಲ್ಲಿಯೂ ಮೆಕ್ಕೆಜೋಳ. ಎಲ್ಲೆಲ್ಲೋ ಕೇಳಿ, ಕೊನೆಗೆ ದೂರದ ಸಂತೆಯಿಂದ ಕಂದು ಬಣ್ಣದ ರಾಗಿ ತಂದ. ತಾನೇ ಗುದ್ದಲಿ ಹಿಡಿದು ಮೂಲೆ ಅಗೆದು ಬಿತ್ತಿದ. ಪೈರು ಬಂದಾಗ ಕಳೆ ಕೀಳಲು ಅವಳನ್ನು ಕರೆದ. ಅವಳು ಬರಲಿಲ್ಲ. ಅವನೇ ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳತೊಡಗಿದ.

ನೀರಿಗೆ ಹೋಗುವ ಹೆಂಗಸರು ಬಿಡಲಿಲ್ಲ. "ಅಕ್ಕಾ ಎಕ್ವಾರು, ಸೆರಗು ಸರಿ ಮಾಡ್ಕೊ!"

"ಹೋಗ್ರೇ, ನಿಮ್ಮ ಗಂಡಂದಿರ್ನೂ ಕಳಿಸ್ರಿ, ಕಲಿಸ್ಕೊಡ್ತೀನಿ" ಎಂದ ಅವನು, ತಲೆ ಎತ್ತದೆ. ಮುದಿ ಬೆರಳುಗಳಿಗೆ ಕಳೆ ಯಾವುದು, ಪೈರು ಯಾವುದು ಸರಿಯಾಗಿ ತಿಳಿಯುತ್ತಿರಲಿಲ್ಲ. ಅರ್ಧ ರಾಗಿಯನ್ನೇ ಕಿತ್ತು ಹಾಕಿದ. ಅಸೆಕೆನ್ಯೆ ಅಂಗಳದಲ್ಲಿ ನಿಂತು ನೋಡುತ್ತಿದ್ದಳು.

ಹಕ್ಕಿ ತಿಂದು ಉಳಿದದ್ದನ್ನು ಅವನು ಕೊಯ್ದು, ಬಡಿದು, ತೂರಿ ಅವಳ ಮುಂದಿಟ್ಟ. ಅವಳು ಬೀಸಿ ಮುದ್ದೆ ಮಾಡಿದಳು. ಒಂದು ತುತ್ತು ಬಾಯಿಗಿಟ್ಟು ರುಚಿ ನೋಡಿದಳು.

"ಇದು ಆ ರಾಗಿ ಅಲ್ಲ" ಎಂದಳು.

"ಅಲ್ಲ" ಎಂದ ಅವನು.

ಅವಳು ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದಳು. ಮುಂದಿನ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು.

ದೊಡ್ಡ ಹೊಲವನ್ನು ಈಗಲೂ ಒಲುಕನೇ ಉಳುತ್ತಾನೆ. ಎಕ್ವಾರು ಬೇಡ ಎನ್ನುವುದಿಲ್ಲ. ಹೊಟ್ಟೆ ತುಂಬುವುದು ಆ ಮೆಕ್ಕೆಜೋಳದಿಂದಲೇ. ಔಷಧಿ ಹೊಡೆಯುವ ದಿನ ಮಾತ್ರ ಬೆಳಿಗ್ಗೆಯೇ ಹೋಗಿ ತಾನು ಬಿತ್ತಿದ ರಾಗಿಯ ಮೂಲೆಗೆ ಬೆನ್ನು ಕೊಟ್ಟು, ಔಷಧಿಯ ಗಾಳಿಗೆ ಅಡ್ಡವಾಗಿ ನಿಂತುಕೊಳ್ಳುತ್ತಾನೆ. ಒಲುಕ ಎಷ್ಟು ಹೇಳಿದರೂ ಸರಿಯುವುದಿಲ್ಲ.